ಹಗ್ಗದ ಕೆಳಗಿನ ಮೆಟ್ಟಿಲು

ಯಶೋಧಾ ಮೊಟ್ಟಮೊದಲು ತೊಟ್ಟ ಖಾಕಿ ಅಂಗಿ ಅವಳದಾಗಿರಲಿಲ್ಲ. ಜಯಲಕ್ಷ್ಮಿಪುರಂನಲ್ಲಿ ಶಾರದ ಎಂಬುವವರ ಹೊಲಿಗೆ ಅಂಗಡಿಯಲ್ಲಿ ಅವಳು ರವಿಕೆ ಹೊಲಿಯುತ್ತಿದ್ದಳು. ಒಂದು ದಿನ ವಸಂತಮ್ಮ ಎಂಬ ಗಟ್ಟಿ ದನಿಯ ಹೆಂಗಸು ಬಂದು, ಚೀಲದಿಂದ ಖಾಕಿ ಅಂಗಿಯೊಂದನ್ನು ಎಳೆದು ಮೇಜಿನ ಮೇಲೆ ಹಾಕಿದಳು.

"ಇದ್ರ ಭುಜ ಒಂಚೂರು ಇಳಿಸ್ಕೊಡಮ್ಮ. ಯಾರೋ ಗಂಡಸಿನ ಅಳತೆಗೆ ಹೊಲ್ದವ್ರೆ. ಹಾಕ್ಕೊಂಡ್ರೆ ನಾನು ಬೆದರುಬೊಂಬೆ ಆಯ್ತೀನಿ."

"ಪೊಲೀಸಾ ನೀವು?" ಎಂದು ಯಶೋಧಾ ಹೆದರುತ್ತಲೇ ಕೇಳಿದಳು.

"ಅರ್ಧ ಪೊಲೀಸು. ಹೋಂ ಗಾರ್ಡು. ಮಿಕ್ಕ ಹೊತ್ತು ಹಾಸ್ಟೆಲ್ಲಲ್ಲಿ ಅಡುಗೆ ಮಾಡ್ತೀನಿ."

ಗೃಹರಕ್ಷಕ ದಳದವರೆಂದರೆ ಹೀಗೆಯೇ. ತಮ್ಮ ತಮ್ಮ ಕಸುಬು, ಸಂಸಾರಗಳನ್ನು ನೋಡಿಕೊಳ್ಳುತ್ತಲೇ, ದಸರಾ, ಚುನಾವಣೆ, ಬೆಟ್ಟದ ಪೂಜೆ ಎಂದು ಜನ ಸೇರುವ ದಿನಗಳಲ್ಲಿ ಪೊಲೀಸರ ಪಕ್ಕದಲ್ಲಿ ಲಾಠಿ ಹಿಡಿದು ನಿಲ್ಲುವ ಸ್ವಯಂಸೇವಕರು. ಅಂದು ಅಂಗಿಯ ಭುಜ ಸರಿಮಾಡಿದ ಮೇಲೆ, ಅಳತೆ ನೋಡುವ ನೆಪದಲ್ಲಿ ಯಶೋಧಾ ಅದನ್ನು ತಾನೇ ತೊಟ್ಟು ಕನ್ನಡಿಯ ಮುಂದೆ ನಿಂತಳು. ಕನ್ನಡಿಯಲ್ಲಿದ್ದ ಹೆಂಗಸು ಯಾರಿಗೂ ಹೆದರದವಳಂತೆ ಕಂಡಳು. ಆ ನೋಟ ಅವಳಿಗೆ ಬಹಳ ಹಿಡಿಸಿತು.

ಏಕೆಂದರೆ ಯಶೋಧಾ ಹುಟ್ಟಾ ಅಂಜುಬುರುಕಿ. ಹಲ್ಲಿಗೆ ಹೆದರುವಳು, ಗುಡುಗಿಗೆ ಹೆದರುವಳು, ಬಸ್ಸಿನಲ್ಲಿ ಕಂಡಕ್ಟರನು ಚಿಲ್ಲರೆ ಕೇಳಿದರೆ ಬೆವರುವಳು. ಅವರ ಮನೆ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯ ಅಂಚಿನಲ್ಲಿತ್ತು. ವಿಮಾನವು ತಲೆಯ ಮೇಲೆಯೇ ಇಳಿದಂತೆ ಬಂದು ಪಾತ್ರೆಗಳು ಅದುರಿದಾಗ, ಮದುವೆಯಾಗಿ ಅಷ್ಟು ವರ್ಷವಾದರೂ ಅವಳು ಬಾಗಿಲ ಚೌಕಟ್ಟನ್ನು ಹಿಡಿದು ನಿಲ್ಲುತ್ತಿದ್ದಳು. ಗೃಹರಕ್ಷಕ ದಳಕ್ಕೆ ಸೇರುತ್ತೇನೆಂದಾಗ ಗಂಡ ಸಿದ್ದೇಶ್ ಊಟದ ತಟ್ಟೆಯ ಮುಂದೆ ನಕ್ಕು ನಕ್ಕು ಕೆಮ್ಮಿದ. ಅವನು ಸಾಮಾನು ಸಾಗಿಸುವ ಆಟೋ ಓಡಿಸುತ್ತಿದ್ದ. ಮಾತು ಕಡಿಮೆ, ತಮಾಷೆ ಹೆಚ್ಚು.

"ಕಳ್ಳ ಬಂದ್ರೆ ನೀನು ಅವ್ನಿಗಿಂತ ಮುಂದೆ ಓಡ್ತೀಯಲ್ಲೇ!"

"ಓಡ್ತೀನಿ ಬುಡಿ. ಹಿಡಿಯೋಕೆ ವಸಂತಕ್ಕ ಅವ್ಳೆ."

ನಕ್ಕವನೇ ಮೊದಲ ಭಾನುವಾರದ ಕವಾಯತಿಗೆ ತನ್ನ ಆಟೋದಲ್ಲಿಯೇ ಅವಳನ್ನು ಕರೆದೊಯ್ದ. ಅಂದಿನಿಂದ ಭಾನುವಾರದ ಬೆಳಗಿನ ಅಡುಗೆ ಅವನದಾಯಿತು. ಮಗಳು ಧರಣಿ, ಆರನೆಯ ತರಗತಿಯ ಹುಡುಗಿ, ತಾಯಿಯ ಬೂಟಿಗೆ ಪಾಲಿಷ್ ಹಚ್ಚುವ ಕೆಲಸವನ್ನು ತಾನೇ ವಹಿಸಿಕೊಂಡಳು. ಅತ್ತೆ ಸಾಕಮ್ಮ ಮಾತ್ರ ಕೆಲವು ದಿನ ಮುಖ ತಿರುಗಿಸಿಕೊಂಡಿದ್ದು, ಬೀದಿಯ ಹೆಂಗಸರು "ನಿಮ್ಮ ಸೊಸೆ ಪೊಲೀಸಂತೆ?" ಎಂದು ಬಂದು ಕೇಳತೊಡಗಿದ ಮೇಲೆ ಒಳಗೊಳಗೇ ಬೀಗಿದಳು.

ಕವಾಯತು ಯಶೋಧಾಳಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ತರಬೇತಿಯ ಒಂದು ಪಾಠ. ಜನಸಂದಣಿಯ ವಿಷಯ ಹೇಳಲು ಬಂದಿದ್ದ ಅಧಿಕಾರಿ ಬಹಳ ಶಾಂತವಾಗಿ ಹೇಳಿದರು: "ನೂಕುನುಗ್ಗಲಿನಲ್ಲಿ ಜನ ಬರೀ ಕಾಲ್ತುಳಿತದಿಂದ ಸಾಯಲ್ಲ. ನಿಂತಿರೋವಾಗ್ಲೇ ಉಸಿರು ಕಟ್ಟಿ ಸಾಯ್ತಾರೆ. ಎದೆ ಹಿಗ್ಗೋಕೆ ಜಾಗ ಇರಲ್ಲ, ಕೂಗೋಕೂ ಆಗಲ್ಲ. ಹಿಂದೆ ಇರೋರಿಗೆ ಮುಂದೆ ಏನಾಗ್ತಿದೆ ಅನ್ನೋದೇ ಗೊತ್ತಿರಲ್ಲ." ಅನಂತರ ಯಾವ ಬಂದೋಬಸ್ತಿಗೆ ಹೋದರೂ ಅವಳ ಕಣ್ಣು ಜನರ ಮುಖದ ಮೇಲಿರುತ್ತಿರಲಿಲ್ಲ, ಎದೆಯ ಮೇಲಿರುತ್ತಿತ್ತು. ಎಲ್ಲರೂ ಉಸಿರಾಡುತ್ತಿದ್ದಾರೆಯೇ ಎಂದು ನೋಡುವ ಅಭ್ಯಾಸ ಬಿದ್ದುಹೋಯಿತು.

ಹೀಗಿರಲು, ಹಿಂದಿನ ವರ್ಷ ಧರಣಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿದ್ದಾಗ ಸಾಕಮ್ಮ ಚಾಮುಂಡಿತಾಯಿಗೆ ಹರಕೆ ಹೊತ್ತಿದ್ದಳು. ಮಗು ಎದ್ದು ಓಡಾಡುವಂತಾದರೆ, ಆಷಾಢದ ಶುಕ್ರವಾರ ಅವಳ ಕೈಯಿಂದ ಬೆಟ್ಟದ ಪ್ರತಿಯೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚಿಸುತ್ತೇನೆಂದು. ಸಿದ್ದೇಶ್ ಹಲವು ವರ್ಷಗಳಿಂದ ಬುದ್ಧವಿಹಾರಕ್ಕೆ ನಡೆದುಕೊಳ್ಳುವವನು. "ಮಗಾನ ಉಳ್ಸಿದ್ದು ಡಾಕ್ಟ್ರು ಕಣವ್ವ" ಎಂದ.

"ಡಾಕ್ಟ್ರಿಗೂ ಕೈ ಮುಗ್ದಿವ್ನಿ. ತಾಯಿಗೂ ಮುಗೀತೀನಿ. ನಿಂಗೇನ್ಲಾ ಕಷ್ಟ?" ಎಂದಳು ಸಾಕಮ್ಮ.

ಯಶೋಧಾ ತಡೆಯಲು ನೋಡಿದಳು. ಶುಕ್ರವಾರ ಬೇಡ, ಜನ ಹೆಚ್ಚು, ಬೇರೆ ದಿನ ಹೋಗೋಣವೆಂದಳು. ಆ ಶುಕ್ರವಾರ ಅವಳಿಗೂ ಬೆಟ್ಟದ ಮೆಟ್ಟಿಲಿನಲ್ಲಿಯೇ ಕೆಲಸ ಬಿದ್ದಿತ್ತು. ಅದೇ ಅತ್ತೆಗೆ ಬಲವಾಯಿತು.

"ನೀನೇ ಅಲ್ಲಿರ್ತೀಯಲ್ಲ ಕಣವ್ವ, ಖಾಕಿ ಆಕ್ಕೊಂಡು. ಇನ್ನೆಂಗೆ ಭಯ ಆದಾತು?"

ಅಲ್ಲಿ ಕಾಯಬೇಕಾದವಳು ತಾನೇ ಎಂಬುದೇ ತನ್ನ ಭಯವೆಂದು ಯಶೋಧಾ ಅತ್ತೆಗೆ ಹೇಳುವುದು ಹೇಗೆ?

ಶುಕ್ರವಾರ ಬೆಳಕು ಹರಿಯುವ ಮೊದಲೇ ಜನ ಹತ್ತತೊಡಗಿದ್ದರು. ಯಶೋಧಾಳಿಗೂ ವಸಂತಮ್ಮನಿಗೂ ಸಿಕ್ಕಿದ ಜಾಗ ಬೆಟ್ಟದ ನಡುವಿನ ನಂದಿ ವಿಗ್ರಹಕ್ಕಿಂತ ಕೆಳಗೆ, ಮೆಟ್ಟಿಲುಗಳು ಕಡಿದಾಗಿ ಏರಿ ಒಂದು ತಿರುವು ತೆಗೆದುಕೊಳ್ಳುವ ಕಡೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಬ್ಬಿಣದ ಕಂಬಿ, ಕಂಬಿಯ ಆಚೆ ಇಳಿಜಾರು. ಕೆಲಸ ಸರಳ. ಮೆಟ್ಟಿಲಿಗೆ ಅಡ್ಡಲಾಗಿ ದಪ್ಪ ಹಗ್ಗ ಹಿಡಿದು ಜನರನ್ನು ತಡೆಯುವುದು. ಮೇಲೆ ಜಾಗವಾದಾಗ ವಾಕಿಟಾಕಿಯಲ್ಲಿ ಮಾತು ಬರುತ್ತದೆ, ಆಗ ಹಗ್ಗ ಎತ್ತಿ ಒಂದು ತಂಡವನ್ನು ಬಿಟ್ಟು ಮತ್ತೆ ಇಳಿಸುವುದು.

ಬಿಸಿಲೇರುವ ಹೊತ್ತಿಗೆ ಮೇಲಿನಿಂದ ಹೊಸ ಅಪ್ಪಣೆ ಬಂತು. ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಿರುವುದರಿಂದ ಸಾಲು ಮುಂದೆ ಹೋಗುತ್ತಿಲ್ಲ, ಬಗ್ಗಿದವರ ಮೇಲೆ ಹಿಂದಿನವರು ಮುಗ್ಗರಿಸುತ್ತಿದ್ದಾರೆ. ಆದುದರಿಂದ ಹಗ್ಗದಿಂದ ಮೇಲಕ್ಕೆ ಯಾರೂ ಹಚ್ಚಬಾರದು.

ಯಶೋಧಾ ಇದನ್ನು ಹೇಳುತ್ತಲೇ ಮುಂದಿನ ಸಾಲು ಸಿಡಿಯಿತು.

"ಅದೆಂಗಮ್ಮ ಆಯ್ತದೆ? ಅರ್ಧ ಹರಕೆ ತೀರ್ಸಿ ಅರ್ಧ ಬುಟ್ಬುಡೋದಾ?"

"ನಿಮ್ಮ ಸಾಹೇಬ್ರಿಗೆ ಹೇಳಿ, ಅವ್ರ ಮನೇಲಿ ಅರ್ಧ ಮದ್ವೆ ಮಾಡ್ತಾರಾ ಅಂತ!"

ಸಂಬಳದ ಪೊಲೀಸಿನವರಾಗಿದ್ದರೆ ಗದರಿಸಿ ಪೊಟ್ಟಣ ಕಿತ್ತು ಬದಿಗಿಡುತ್ತಿದ್ದರೇನೋ. ಯಶೋಧಾಳಿಗೆ ಅದು ಸಾಧ್ಯವಾಗಲಿಲ್ಲ. ಎದುರಿಗಿದ್ದ ಮುಖಗಳೆಲ್ಲ ಅವಳ ಬೀದಿಯ ಮುಖಗಳಂತೆಯೇ ಇದ್ದವು. ಹರಕೆ ಅರ್ಧಕ್ಕೆ ನಿಂತರೆ ವರ್ಷವೆಲ್ಲ ಮನಸ್ಸಿಗೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಸ್ವಲ್ಪ ಯೋಚಿಸಿ ಹೇಳಿದಳು: "ಒಂದ್ಕೆಲ್ಸ ಮಾಡಿ ಕಣ್ರಮ್ಮ. ಮೇಲಿನ ಮೆಟ್ಟಿಲುಗಳ ಪಾಲನ್ನೆಲ್ಲ ಹಗ್ಗದ ಕೆಳಗಿರೋ ಈ ಒಂದು ಮೆಟ್ಟಿಲಿಗೇ ಹಾಕ್ಬುಡಿ. ತಾಯಿ ಒಪ್ಕೋತಾಳೆ."

ಮುಖಗಳು ಅರಳಿದವು. ಮುಂದಿನ ಹೆಂಗಸು ಪೊಟ್ಟಣವನ್ನು ಹಾಗೆಯೇ ಮೆಟ್ಟಿಲ ಮೇಲೆ ಬೋರಲು ಹಾಕಿ, ಕಣ್ಣಿಗೊತ್ತಿಕೊಂಡು, ನಗುತ್ತ ಮೇಲೆ ಹೋದಳು. ಹಗ್ಗದ ಇನ್ನೊಂದು ತುದಿಯಿಂದ ವಸಂತಮ್ಮ ಕೂಗಿದಳು: "ಭೇಷ್ ಕಣೇ! ನಿನ್ನ ಮಂತ್ರಿ ಮಾಡ್ಬೇಕು."

ತಂಡದ ಮೇಲೆ ತಂಡ ಹೋಯಿತು. ಮಾತು ಬಾಯಿಂದ ಬಾಯಿಗೆ ಕೆಳಗಿಳಿದು, ಹೆಂಗಸರು ಹಗ್ಗದ ಹತ್ತಿರ ಬರುವಾಗಲೇ ಪೊಟ್ಟಣ ಬಿಚ್ಚಿಕೊಂಡು ಬರುತ್ತಿದ್ದರು. ಕೆಲವರು ಎಣ್ಣೆಯ ದೀಪವನ್ನೂ ಅಲ್ಲಿಯೇ ಇಟ್ಟರು. ಕಾಲು ತಗಲಿ ಎಣ್ಣೆ ಚೆಲ್ಲಿತು. ಮೆಟ್ಟಿಲು ಮೊದಲು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಯಶೋಧಾ ಅದನ್ನು ನೋಡಿದಳು, ಏನೂ ಅನಿಸಲಿಲ್ಲ. ಅವಳ ಕಾಲಿನಲ್ಲಿ ರಬ್ಬರ್ ಹಲ್ಲಿನ ಬೂಟಿತ್ತು.

ಅನಂತರ ಮೇಲಿನಿಂದ, ಸ್ವಲ್ಪ ಹೊತ್ತು ಯಾರನ್ನೂ ಬಿಡಬೇಡಿ ಎಂದು ಮಾತು ಬಂತು. ಹಗ್ಗ ಇಳಿಯಿತು. ಆಗಲೇ ಆಷಾಢದ ಜಿನುಗು ಶುರುವಾಯಿತು. ಮಳೆಯೆನ್ನುವಂತಿರಲಿಲ್ಲ, ಕೂದಲ ಮೇಲೆ ಪುಡಿಯಂತೆ ಕೂರುವ ತುಂತುರು. ಕೆಳಗಿನಿಂದ ಜನ ಬರುತ್ತಲೇ ಇದ್ದರು. ನೆನೆಯದೆ ಬೇಗ ಹತ್ತಿಬಿಡೋಣವೆಂಬ ಅವಸರ ಸಾಲಿನ ಬುಡದಲ್ಲಿ ಹುಟ್ಟಿ ಒತ್ತಡವಾಗಿ ಮೇಲೆ ಬರುತ್ತಿತ್ತು. ಹಗ್ಗ ಮೊದಲಿಗಿಂತ ಬಿಗಿಯಾದದ್ದು ಯಶೋಧಾಳ ಅಂಗೈಗೆ ತಿಳಿಯಿತು.

"ಅಮ್ಮಾ!"

ಮುಂದಿನ ಸಾಲಿನಲ್ಲಿ, ಹಗ್ಗಕ್ಕೆ ಎದೆಯೊತ್ತಿ, ಧರಣಿ ನಿಂತಿದ್ದಳು. ಪಕ್ಕದಲ್ಲಿ ಸಾಕಮ್ಮ, ಬೆಳಗಿನಿಂದ ಬಗ್ಗಿ ಬಗ್ಗಿ ಅವಳ ಸೊಂಟ ನೇರವಾಗುವಂತಿರಲಿಲ್ಲ. ಯಶೋಧಾ ಮಗಳನ್ನು ನೋಡಿ ನಗಬೇಕೆಂದುಕೊಳ್ಳುವಷ್ಟರಲ್ಲಿ ವಾಕಿಟಾಕಿ ಗೊರಗೊರ ಎಂದಿತು. "ಬಿಡಿ, ಬಿಡಿ, ಮುಂದಿನ ಬ್ಯಾಚ್ ಬಿಡಿ."

ವಸಂತಮ್ಮ ತನ್ನ ಕಡೆಯ ಹಗ್ಗವನ್ನು ಎತ್ತಿದಳು. ಆ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಕೆಂಪು ಮೆಟ್ಟಿಲ ಮೇಲೆ ಬರಿಗಾಲಿಟ್ಟಳು. ಕಾಲು ನಿಲ್ಲಲೇ ಇಲ್ಲ. ಸಾಬೂನಿನ ಮೇಲಿಟ್ಟಂತೆ ಜಾರಿತು. ಹಿಡಿಯಹೋದ ವಸಂತಮ್ಮನೂ ಮಂಡಿಯೂರಿ ಬಿದ್ದು, ಕಂಬಿಗೆ ಮೊಣಕೈ ಹೊಡೆದು, ಅಯ್ಯೋ ಎಂದಳು. ಮುದುಕಿ ಅವಳ ತೋಳಿನ ಮೇಲೆ ಬಿದ್ದುದರಿಂದ ಪೆಟ್ಟಾಗಲಿಲ್ಲ.

ಯಶೋಧಾ ಬೂಟಿನ ತುದಿಯಿಂದ ಮೆಟ್ಟಿಲನ್ನು ಗೀರಿದಳು. ಕೆಸರಿನಂತಹ ಕೆಂಪು ಪದರ ಎದ್ದು ಬಂತು. ಅರಿಸಿನ, ಕುಂಕುಮ, ಎಣ್ಣೆ, ನೀರು. ತಾನೇ ಹೇಳಿ ಹಾಕಿಸಿದ್ದು. ಇಲ್ಲಿ ಒಬ್ಬಳು ಬಿದ್ದರೆ ಅವಳ ಮೇಲೆ ಇನ್ನೊಬ್ಬಳು, ಹಿಂದಿನವರು ತಿಳಿಯದೆ ನೂಕುತ್ತಾರೆ. ಮೊದಲ ಸಾಲಿನಲ್ಲಿ ಯಾರಿದ್ದಾರೆ?

"ಹಗ್ಗ ಬಿಡ್ಬೇಡಿ ವಸಂತಕ್ಕಾ!"

"ಬಿಟ್ಟಿಲ್ಲ ಕಣೇ, ಕೈ ಆಡ್ತಿಲ್ಲ!" ಎಂದಳು ವಸಂತಮ್ಮ. ಕುಳಿತಲ್ಲಿಂದಲೇ ಹಗ್ಗವನ್ನು ಪೆಟ್ಟಾಗದ ಕೈಯಿಂದ ಕಂಬಿಗೆ ಎರಡು ಸುತ್ತು ಸುತ್ತಿದಳು.

"ಯಾಕ್ ಬಿಡ್ತಿಲ್ಲ?" ಎಂದು ವಾಕಿಟಾಕಿ ಗದರಿತು. ಕೆಳಗಿನಿಂದ, "ಬುಡ್ರಮ್ಮಾ, ನೆಂದೋಯ್ತಾ ಇದ್ದೀವಿ!" ಎಂಬ ಕೂಗು. ಮುಂದಿನ ಸಾಲು ಒಂದು ಹೆಜ್ಜೆ ಮುಂದೆ ಬಂತು. ಅವರಾಗಿ ಬಂದದ್ದಲ್ಲ, ಹಿಂದಿನ ಒತ್ತಡಕ್ಕೆ ಬಂದುಬಿಟ್ಟರು. ಹಗ್ಗ ಧರಣಿಯ ಎದೆಗೆ ಅಡ್ಡವಾಗಿ ಒತ್ತಿತು. ಹುಡುಗಿ ಏನೋ ಹೇಳಲು ಬಾಯಿ ತೆರೆದಳು, ದನಿ ಬರಲಿಲ್ಲ. ಯಶೋಧಾ ಮಗಳ ಎದೆಯನ್ನು ನೋಡಿದಳು. ಅದು ಏರುತ್ತಿರಲಿಲ್ಲ.

ಹಗ್ಗ ಬಿಟ್ಟರೆ ಎಲ್ಲರೂ ಆ ಮೆಟ್ಟಿಲ ಮೇಲೆ. ಹಿಡಿದರೆ ಮಗು ಹಗ್ಗದ ಮೇಲೆ. ಹಿಂದಕ್ಕೆ ಹೋಗಿ ಎಂದು ಅವಳು ಕಿರುಚಿದಳು. ಮುಂದಿನವರು ಹೋಗಲಾರರು, ಹಿಂದಿನವರಿಗೆ ಕೇಳಿಸದು. ಪ್ರಸಾದವನ್ನು ಕೆಳಗೆ ಬೆಟ್ಟದ ಪಾದದಲ್ಲಿ ಕೊಡುತ್ತಿದ್ದಾರೆ ಎಂದು ಸುಳ್ಳು ಕೂಗಿಬಿಡಲೇ ಎನಿಸಿತು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಅಷ್ಟು ಜನ ಒಮ್ಮೆಲೇ ಇಳಿಜಾರಿನಲ್ಲಿ ತಿರುಗಿ ಓಡಿದರೆ?

ಅಷ್ಟರಲ್ಲಿ ಸಾಕಮ್ಮ ಕುಳಿತುಬಿಟ್ಟಳು. ಯಾವ ಉಪಾಯವೂ ಅದರಲ್ಲಿರಲಿಲ್ಲ. ಮಂಡಿ ಸೋತು, "ನನ್ ಕೈಲಾಗಾಕಿಲ್ಲ ಕಣವ್ವ" ಎಂದು ಮೆಟ್ಟಿಲ ಮೇಲೆ ಕುಸಿದಳು. ಯಶೋಧಾ ಚೀರಿದಳು. ಕುಳಿತವರೇ ಮೊದಲು ತುಳಿತಕ್ಕೆ ಸಿಗುವವರು. ಆದರೆ ಸಾಕಮ್ಮನ ಹಿಂದಿದ್ದ ದಪ್ಪ ಹೆಂಗಸು, ಅವಳ ತಲೆಯ ಮೇಲೆ ಬೀಳಬಾರದೆಂದು ಬಂಡೆಗೆ ಕೈಯೂರಿ, ಬೆನ್ನು ಹಿಂದಕ್ಕೆ ಕೊಟ್ಟು ನಿಂತಳು. "ಏಯ್, ತಳ್ಬೇಡ್ರೇ! ಅಜ್ಜಿ ಕೂತವ್ಳೆ!" ಎಂದು ಹಿಂದಕ್ಕೆ ಕೂಗಿದಳು. ಆ ಒಂದು ಕಡೆ, ಒಂದು ಮೊಳದಷ್ಟು, ಒತ್ತಡ ನಿಂತಿತು.

ಯಶೋಧಾ ಅದನ್ನು ಕಂಡಳು. ಮುಂದೆ ಅವಳು ಮಾಡಿದ್ದನ್ನು ಯಾವ ತರಬೇತಿಯಲ್ಲಿಯೂ ಹೇಳಿಕೊಟ್ಟಿರಲಿಲ್ಲ. ಹಗ್ಗ ಹಿಡಿದುಕೊಂಡೇ ಆ ಕೆಂಪು ಮೆಟ್ಟಿಲ ಮೇಲೆ ತಾನೂ ಕುಳಿತಳು.

"ಕೂತ್ಕೊಳ್ರಮ್ಮ! ಎಲ್ರೂ ಕೂತ್ಕೊಳ್ಳಿ! ಊಟದ ಪಂಕ್ತೀಲಿ ಕೂರೋ ಹಂಗೆ!"

"ಇದೇನು, ಪೊಲೀಸಮ್ಮನೇ ಕೂತ್ಬುಟ್ಳು?" ಎಂದರು ಯಾರೋ.

"ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಿ! ಹಿಂದಿನೋರಿಗೂ ಹೇಳಿ! ಅಕ್ಕಾ, ಕೆಂಪು ಸೀರೆ, ನೀವು! ಕೂತ್ಕೊಂಡು ಹಿಂದಕ್ಕೆ ತಿರುಗಿ ಕೂಗಿ!"

ಕೆಂಪು ಸೀರೆಯ ಆ ದಪ್ಪ ಹೆಂಗಸು ಕುಳಿತಳು. ಅವಳ ಪಕ್ಕದವಳು ಕುಳಿತಳು. ಎರಡನೆಯ ಸಾಲು ಅರ್ಧ ಕುಳಿತು ಅರ್ಧ ನಿಂತು ತಡಬಡಿಸಿದ ಆ ಗಳಿಗೆ ಯಶೋಧಾಳಿಗೆ ಈಗಲೂ ಕನಸಿನಲ್ಲಿ ಬರುತ್ತದೆ. ನಿಂತವರ ಮಂಡಿಗಳು ಕುಳಿತವರ ತಲೆಗಳಿಗೆ ಬಡಿಯುತ್ತಿದ್ದವು. ಮಗುವೊಂದು ಅಳತೊಡಗಿತು. ಇಡೀ ಬೆಟ್ಟ ಮೇಲೆ ಬೀಳಲು ಬರುತ್ತಿರುವಂತಿತ್ತು. ಅವಳು ಕೂಗುತ್ತಲೇ ಇದ್ದಳು. ಕೂಗಿ ಕೂಗಿ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. ಆದರೆ ಆಗ ಕೂಗುವ ಕೆಲಸವನ್ನು ಹೆಂಗಸರೇ ಎತ್ತಿಕೊಂಡಿದ್ದರು. "ಕೂತ್ಕೊಳ್ರೇ! ಮುಂದೆ ಜಾರ್ತದಂತೆ! ಕೂತ್ಕೊಳ್ರೇ!" ಮಾತು ತಿರುವಿನಾಚೆ ಇಳಿಯಿತು. ಮುಂದಿನವರ ಬೆನ್ನು ತಗ್ಗಿದ್ದನ್ನು ಕಂಡವರು ತಾವೂ ತಗ್ಗಿದರು. ಮೆಟ್ಟಿಲುಗಳ ಮೇಲೆ ತಲೆಗಳ ಸಾಲು ಗಾಳಿಗೆ ಪೈರು ಬಾಗಿದಂತೆ ಕೆಳಗೆ ಕೆಳಗೆ ಬಾಗುತ್ತ ಹೋಯಿತು.

ಹಗ್ಗ ಸಡಿಲವಾಯಿತು. ಧರಣಿ ಒಮ್ಮೆ ದೀರ್ಘವಾಗಿ ಉಸಿರೆಳೆದು ಕೆಮ್ಮಿ ಅತ್ತಳು. ಆ ಅಳು ಕೇಳಿದ ಮೇಲೆ ಯಶೋಧಾ ವಾಕಿಟಾಕಿ ಎತ್ತಿ, ಬಿದ್ದುಹೋದ ದನಿಯಲ್ಲಿಯೇ, ಮೆಟ್ಟಿಲು ಜಾರುತ್ತಿದೆ, ಗೋಣಿಚೀಲ ತನ್ನಿ ಎಂದಳು.

ಮೇಲಿನಿಂದ ಇಬ್ಬರು ಪೊಲೀಸರು ಗೋಣಿಚೀಲ ಹಿಡಿದು ಇಳಿದು ಬಂದರು. ಮೆಟ್ಟಿಲು ಒರೆಸಿ ಚೀಲ ಹಾಸಿದ ಮೇಲೆ, ಯಶೋಧಾ ಒಬ್ಬೊಬ್ಬರನ್ನೇ ಎಬ್ಬಿಸಿ, ಕೈಹಿಡಿದು ದಾಟಿಸಿದಳು. ಸಾಕಮ್ಮನ ಸರದಿ ಬಂದಾಗ ಅವಳ ಸೊಂಟದಲ್ಲಿ ಅರಿಸಿನ ಕುಂಕುಮದ ಪೊಟ್ಟಣ ಇನ್ನೂ ತುಂಬಿತ್ತು. ಪಕ್ಕದ ಹೆಂಗಸು, "ಹಾಕ್ಬುಡಜ್ಜಿ, ಇಲ್ಲೇ ಹಾಕ್ಬೇಕಂತೆ" ಎಂದಳು.

"ಬ್ಯಾಡ" ಎಂದು ಸಾಕಮ್ಮ ಪೊಟ್ಟಣವನ್ನು ಒಳಕ್ಕೆ ತುರುಕಿದಳು. "ತಾಯಿ ತವ ಸಾಲ ಇರ್ಲಿ. ಮೊದ್ಲು ಮಗೀನ ದಾಟ್ಸು."

ಧರಣಿಯ ಕೈ ತಣ್ಣಗಿತ್ತು. ಯಶೋಧಾ ಅದನ್ನು ಹಿಡಿದು ದಾಟಿಸಿದಳು. ಇನ್ನೂ ಸ್ವಲ್ಪ ಹೊತ್ತು ಹಿಡಿದಿರಬೇಕೆಂದಿತ್ತು. ಆದರೆ ಹಿಂದಿನ ಹೆಂಗಸು ಆಗಲೇ ಕೈ ಚಾಚಿದ್ದಳು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಬಂದು ಅವಳ ಕೆಂಪಾದ ಖಾಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಡ್ಯೂಟೀಲಿ ಯಾರಮ್ಮ ಕೂತ್ಕೋ ಅಂದಿದ್ದು ನಿನ್ನ?"

"ಯಾರೂ ಹೇಳ್ಲಿಲ್ಲ ಸಾರ್. ಆದ್ರೆ ಅಲ್ಲಿ ಕುಂಕುಮ ಹಾಕಿ ಅಂತ ಹೇಳಿದ್ದು ನಾನೇ ಸಾರ್."

ಅವರು ಮೆಟ್ಟಿಲಿನತ್ತ ಒಮ್ಮೆ ಕಣ್ಣು ಹಾಯಿಸಿ, "ಯಾರಿಗೂ ಏನೂ ಆಗಿಲ್ವಲ್ಲ. ಹೋಗು, ಟೀ ಕುಡಿ" ಎಂದು ಮೇಲೆ ಹತ್ತಿದರು. ವಸಂತಮ್ಮನ ಮೊಣಕೈ ಊದಿತ್ತು. ಅದನ್ನು ಎದೆಗೊತ್ತಿಕೊಂಡೇ ಅವಳು, "ನನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ ನೋಡು ಪುಣ್ಯಾತ್ಮ" ಎಂದು ನಕ್ಕಳು. ಯಶೋಧಾಳಿಗೆ ನಗು ಬರಲಿಲ್ಲ.

ಮನೆಯಲ್ಲಿ ಸಿದ್ದೇಶ್ ಕೇಳಿದಾಗ ಸಾಕಮ್ಮ, "ಜನ ಜಾಸ್ತಿ ಇತ್ತು ಕಣಪ್ಪ, ಅಷ್ಟೇಯ" ಎಂದು ಮಾತು ಮುಗಿಸಲು ನೋಡಿದಳು. ಯಶೋಧಾ ಮುಗಿಸಗೊಡಲಿಲ್ಲ. ಎಲ್ಲವನ್ನೂ ಹೇಳಿದಳು, ಮಗಳ ಎದೆ ಏರದೆ ನಿಂತದ್ದನ್ನೂ ಹೇಳಿದಳು. ಸಿದ್ದೇಶ್ ತಮಾಷೆ ಮಾಡಲಿಲ್ಲ. ಮಲಗಿದ್ದ ಧರಣಿಯ ಪಕ್ಕ ಹೋಗಿ ಕುಳಿತು, "ಮುಂದಿನ ವಾರ ಹೋಗ್ಬೇಡ ಬುಡು" ಎಂದ.

"ಹೋಗದೆ ಇದ್ರೆ ಅಲ್ಲಿ ಇನ್ಯಾರೋ ನಿಂತ್ಕೋತಾರೆ. ಅವ್ರಿಗೆ ಗೊತ್ತಿರಲ್ಲ" ಎಂದಳು ಯಶೋಧಾ.

"ಭಯ ಆಗಲ್ವಾ?"

"ಆಗ್ತದೆ."

ಮುಂದಿನ ಶುಕ್ರವಾರ ಅವಳು ತಾನೇ ಕೇಳಿ ಅದೇ ತಿರುವಿನಲ್ಲಿ ನಿಂತಳು. ಬಂಡೆಯ ಪಕ್ಕ ಒಂದು ದೊಡ್ಡ ಮೊರವಿಟ್ಟು, ಹೆಂಗಸರ ಅರಿಸಿನ ಕುಂಕುಮವನ್ನು ಅದರಲ್ಲಿ ಹಾಕಿಸಿಕೊಂಡಳು. ಸಂಜೆ ಗುಡಿಗೆ ಮುಟ್ಟಿಸುತ್ತೇನೆಂದು ಮಾತುಕೊಟ್ಟಳು. ಪ್ರತಿ ತಂಡವನ್ನು ಬಿಡುವ ಮೊದಲು ಬೂಟು ಕಳಚಿ, ಹಗ್ಗದ ಕೆಳಗಿನ ಮೆಟ್ಟಿಲ ಮೇಲೆ ತನ್ನ ಬರಿಗಾಲನ್ನು ಒತ್ತಿ ನೋಡುತ್ತಿದ್ದಳು. ಮುಂದಿನ ಸಾಲಿನಲ್ಲಿದ್ದ ತರುಣಿಯೊಬ್ಬಳು ಕಾದು ಕಾದು ಬೇಸತ್ತು ಛೇಡಿಸಿದಳು:

"ಏನ್ ಪೊಲೀಸಮ್ಮ, ನಮಗಿಂತ ಮೊದ್ಲು ನಿಮ್ಮ ಹರಕೆನಾ?"

"ಹೂಂ ಕಣಮ್ಮ" ಎಂದು ಯಶೋಧಾ ಒದ್ದೆ ಕಾಲನ್ನು ಬೂಟಿಗೆ ತೂರಿಸಿದಳು. ಕಲ್ಲು ಒರಟಾಗಿಯೇ ಇತ್ತು. ಆದರೂ ಹಗ್ಗ ಎತ್ತುವಾಗ ಅವಳ ಕೈ ನಡುಗುತ್ತಲೇ ಇತ್ತು. ತರುಣಿ ಅದನ್ನು ಕಂಡು, ನಿಧಾನವಾಗಿ ಹೆಜ್ಜೆಯಿಟ್ಟು ದಾಟಿದಳು.